ಚಡಾವಿನ ನಾಡಿಗೆ ಯಾವ ಸೈಕಲ್?

ಉಡುಪಿಯ ಕಲ್ಸಂಕದಿಂದ ಪೂರ್ವಕ್ಕೆ ಹೊರಟರೆ ಮುಂದಿನ ನಾಲ್ಕೈದು ಕಿಲೋಮೀಟರ್ ಬಹುಪಾಲು ಏರುದಾರಿ. ಕಡಿಯಾಳಿ, ಕುಂಜಿಬೆಟ್ಟು, ಇಂದ್ರಾಳಿ ದಾಟಿ ಮಣಿಪಾಲದ ಟೈಗರ್ ಸರ್ಕಲ್ ಮುಟ್ಟುವಾಗ ಸಮುದ್ರಮಟ್ಟದಿಂದ ಎಪ್ಪತ್ತು ಎಂಬತ್ತು ಮೀಟರ್ ಮೇಲೆ ಬಂದಿರುತ್ತೇವೆ, ಅಷ್ಟೆ. ಬೆಂಗಳೂರಿನವರ ನಂದಿ ಬೆಟ್ಟದ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಹತ್ತಿದ್ದನ್ನು ಉಳಿಸಿಕೊಳ್ಳಲು ನಮ್ಮ ನೆಲ ಬಿಡುವುದಿಲ್ಲ. ಸರ್ಕಲ್ ದಾಟಿ ಸ್ವಲ್ಪ ಹೋದರೆ ರಸ್ತೆ ಪರ್ಕಳದ ಕಡೆ ಇಳಿಯುತ್ತದೆ. ಇಳಿದದ್ದನ್ನು ಹಿರಿಯಡ್ಕದವರೆಗೆ ಮತ್ತೆ ಮತ್ತೆ ಏರಬೇಕು. ಅಲ್ಲಿಂದ ಬೈಲೂರಿನ ಮೇಲೆ ಕಾರ್ಕಳಕ್ಕೆ ಹೋಗುವ ದಾರಿಯುದ್ದಕ್ಕೂ ಇದೇ ಪಾಠ: ಮುರಕಲ್ಲಿನ ಗುಡ್ಡೆ, ಕೆಳಗೆ ಗದ್ದೆ ಬೈಲು, ಬೈಲಿನ ನಡುವೆ ತೋಡಿಗೊಂದು ಮೋರಿ, ಮೋರಿ ದಾಟಿದ ಕೂಡಲೇ ಇನ್ನೊಂದು ಗುಡ್ಡೆ.

ಕೊರೊನಾ ಕಾಲದಿಂದೀಚೆಗೆ ನಮ್ಮಲ್ಲಿ ಗೇರ್ ಸೈಕಲ್ ಕೊಳ್ಳುವವರು ಹೆಚ್ಚಿದ್ದಾರೆ. ಮಣಿಪಾಲದ ವಿದ್ಯಾರ್ಥಿಗಳು, ವೈದ್ಯರು, ಬ್ಯಾಂಕಿನಿಂದ ನಿವೃತ್ತರಾದವರು, ಮಕ್ಕಳನ್ನು ಶಾಲೆಗೆ ಕಳಿಸಿ ಬೆಳಗಿನ ಒಂದು ಗಂಟೆ ತಮಗೆಂದು ಇಟ್ಟುಕೊಂಡ ಹೆಂಗಸರು, ಎಲ್ಲರ ಪ್ರಶ್ನೆಯೂ ಒಂದೇ. ಹೈಬ್ರಿಡ್ ತೆಗೆದುಕೊಳ್ಳಬೇಕೋ, ರೋಡ್ ಬೈಕ್ ತೆಗೆದುಕೊಳ್ಳಬೇಕೋ? ಹೈಬ್ರಿಡ್ ಎಂದರೆ ನೇರ ಹ್ಯಾಂಡಲ್, ತುಸು ಅಗಲದ ಟೈರು, ಬೆನ್ನು ನೆಟ್ಟಗಿಟ್ಟು ಕೂರುವ ಸೈಕಲ್. ರೋಡ್ ಬೈಕ್ ಎಂದರೆ ಕೆಳಕ್ಕೆ ಬಾಗಿದ ಹ್ಯಾಂಡಲ್, ಸಪೂರ ಟೈರು, ಹಗುರ ಮೈ. ಹಗುರವಾದದ್ದು ಗುಡ್ಡ ಹತ್ತಲು ಸುಲಭ, ಆದ್ದರಿಂದ ಗುಡ್ಡದ ಊರಿಗೆ ರೋಡ್ ಬೈಕೇ ಸರಿ ಎಂದು ಬಹಳ ಜನ ಭಾವಿಸುತ್ತಾರೆ. ಈ ನಂಬಿಕೆಯನ್ನು ಮೊದಲು ಅಳೆದು ನೋಡಬೇಕು.

ಸವಾರ, ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ 85 ಕಿಲೋ ಎಂದಿಟ್ಟುಕೊಳ್ಳೋಣ. ಸಾಮಾನ್ಯ ಹೈಬ್ರಿಡ್ ಮತ್ತು ಸಾಮಾನ್ಯ ರೋಡ್ ಬೈಕಿನ ನಡುವೆ ತೂಕದ ಅಂತರ ಮೂರು ಕಿಲೋ ಆಸುಪಾಸು. 85ರಲ್ಲಿ ಮೂರು ಕಿಲೋ ಎಂದರೆ ಶೇ. 3.5. ಹವ್ಯಾಸಿ ಸವಾರನೊಬ್ಬ 500 ಮೀಟರ್ ಎತ್ತರ ಏರಲು ಒಂದು ಗಂಟೆ ತೆಗೆದುಕೊಳ್ಳುತ್ತಾನೆ ಎಂದರೆ, ಆ ಮೂರು ಕಿಲೋ ಇಳಿಸಿದ್ದರಿಂದ ಉಳಿಯುವುದು ಹೆಚ್ಚೆಂದರೆ ಎರಡು ನಿಮಿಷ. ಸ್ಪರ್ಧೆಗೆ ಇಳಿದವನಿಗೆ ಎರಡು ನಿಮಿಷ ದೊಡ್ಡದು. ಆಗುಂಬೆಯ ಮೇಲೆ ಹೋಗಿ ಚಾ ಕುಡಿದು ಬರುವವನಿಗೆ ಅದು ಗೊತ್ತೂ ಆಗುವುದಿಲ್ಲ.

ಗೊತ್ತಾಗುವುದು ಬೇರೆ ಒಂದು ಸಂಗತಿ. ಮುಂದಿನ ಚೈನ್‌ವೀಲ್‌ನಲ್ಲಿ ಹಲ್ಲು ಎಷ್ಟು, ಹಿಂದಿನ ಫ್ರೀವೀಲ್‌ನಲ್ಲಿ ಹಲ್ಲು ಎಷ್ಟು? ಚಡಾವಿನ ಎಲ್ಲ ಜಗಳವೂ ಈ ಎರಡು ಸಂಖ್ಯೆಗಳ ನಡುವಿನದು. ಮುಂದೆ 34, ಹಿಂದೆ 28 ಹಲ್ಲಿನ ಮೇಲೆ ಚೈನ್ ಕೂತಿದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಸುಮಾರು ಎರಡೂವರೆ ಮೀಟರ್ ಮುಂದೆ ಹೋಗುತ್ತದೆ. ಮುಂದೆ 28, ಹಿಂದೆ 34 ಇದ್ದರೆ ಅದೇ ಸುತ್ತಿಗೆ 1.8 ಮೀಟರ್‌ಗಿಂತ ಕಡಿಮೆ. ಮಂಡಿಗೆ ನೋವಾಗದಂತೆ ತುಳಿಯಬೇಕಾದರೆ ನಿಮಿಷಕ್ಕೆ ಅರವತ್ತು ಸುತ್ತಾದರೂ ಬೇಕು. ಶೇ. 8ರ ಚಡಾವಿನಲ್ಲಿ, ಅಂದರೆ ನೂರು ಮೀಟರಿಗೆ ಎಂಟು ಮೀಟರ್ ಏರುವ ಕಡೆ, ಮೊದಲ ಸವಾರ ಗಂಟೆಗೆ 9 ಕಿ.ಮೀ.ಗಿಂತ ನಿಧಾನ ಹೋಗುವಂತಿಲ್ಲ. ಹೋದರೆ ಕಾಲು ಗಟ್ಟಿಯಾಗುತ್ತದೆ. ಆ ವೇಗಕ್ಕೆ ಅವನು 180 ವಾಟ್‌ಗೂ ಹೆಚ್ಚು ಶಕ್ತಿ ಕೊಡಬೇಕು. ಎರಡನೆಯವನು ಅದೇ ಅರವತ್ತು ಸುತ್ತಿನಲ್ಲಿ ಆರೂವರೆ ಕಿ.ಮೀ. ವೇಗದಲ್ಲಿ ಏರುತ್ತಾನೆ, 130 ವಾಟ್ ಸಾಕು. ವ್ಯಾಯಾಮದ ಅಭ್ಯಾಸವಿರುವ ನಡುವಯಸ್ಸಿನವರು 130 ವಾಟ್ ಬಹಳ ಹೊತ್ತು ಕೊಡಬಲ್ಲರು. 180 ವಾಟ್ ಸ್ವಲ್ಪ ಹೊತ್ತಷ್ಟೇ, ಆಮೇಲೆ ಇಳಿದು ದೂಡಬೇಕಾಗುತ್ತದೆ.

ಮೊದಲನೆಯದು ಅನೇಕ ರೋಡ್ ಬೈಕ್‌ಗಳ ಲೆಕ್ಕ. ಎರಡನೆಯದು ಮುಂದೆ 48, 38, 28 ಎಂಬ ಮೂರು ಹಲ್ಲುಚಕ್ರವಿರುವ, ಹಿಂದೆ 34 ಹಲ್ಲಿನವರೆಗೂ ಹೋಗುವ ಸಾದಾ ಹೈಬ್ರಿಡ್‌ನ ಲೆಕ್ಕ. ಹಗುರವಾದ, ದುಬಾರಿಯಾದ ಸೈಕಲ್ ಮೇಲೆ ಏದುಸಿರು ಬಿಡುವವನ ಪಕ್ಕದಲ್ಲೇ ತೂಕದ ಹೈಬ್ರಿಡ್‌ನವನು ಮಾತಾಡಿಕೊಂಡು ಏರುವುದಕ್ಕೆ ಕಾರಣ ಇದು. ಹಾಗೆಂದು ಹೈಬ್ರಿಡ್ ಎಂಬ ಹೆಸರಿದ್ದ ಮಾತ್ರಕ್ಕೆ ಕೆಲಸ ಆಯಿತೆಂದಲ್ಲ. ಹಿಂದೆ 28 ಹಲ್ಲಿಗೇ ನಿಲ್ಲುವ ಹೈಬ್ರಿಡ್‌ಗಳಿವೆ, ಮುಂದೆ ಒಂದೇ ದೊಡ್ಡ ಚಕ್ರವಿಟ್ಟು ಚಂದ ಕಾಣಿಸುವಂಥವೂ ಇವೆ. ಮತ್ತೊಂದು ಕಡೆ, ಮುಂದೆ 34 ಮತ್ತು ಹಿಂದೆಯೂ 34 ಇರುವ ರೋಡ್ ಬೈಕ್ ಈಗ ಸುಲಭವಾಗಿ ಸಿಗುತ್ತದೆ. ಅದೇ ಚಡಾವಿಗೆ ಅದು ಕೇಳುವುದು ಸುಮಾರು 150 ವಾಟ್. ಹಳೆಯ ರೇಸಿಂಗ್ ಸೈಕಲ್ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಮುಂದೆ ಚಿಕ್ಕದೆಂಬ ಚಕ್ರವೇ 39 ಹಲ್ಲಿನದು, ಹಿಂದೆ 25. ಅದರಲ್ಲಿ ಅರವತ್ತು ಸುತ್ತು ತುಳಿಯಲು 235 ವಾಟ್ ಬೇಕು. ಅದು ತರಬೇತಿ ಪಡೆದ ಕಾಲಿನ ಕೆಲಸ.

'21 ಗೇರ್ ಇದೆ ಸರ್' ಎಂಬ ಮಾತಿಗೂ ಹೆಚ್ಚು ಬೆಲೆ ಕೊಡಬೇಡಿ. ಮುಂದಿನ ಮೂರನ್ನು ಹಿಂದಿನ ಏಳರಿಂದ ಗುಣಿಸಿದ ಸಂಖ್ಯೆ ಅದು. ಅತಿ ಹಗುರವಾದ ಗೇರ್ ಎಷ್ಟು ಹಗುರ ಎಂಬುದನ್ನು ಅದು ಹೇಳುವುದಿಲ್ಲ.

ಹಗುರ ಗೇರ್ ಎಂದರೆ ಕೈಲಾಗದವರದು ಎಂಬ ಒಂದು ನಾಚಿಕೆ ಸೈಕಲ್ ಲೋಕದಲ್ಲಿ ಬಹಳ ಹಿಂದಿನಿಂದ ಇದೆ. ಟೂರ್ ದ ಫ್ರಾನ್ಸ್ ಸ್ಪರ್ಧೆ 1903ರಲ್ಲಿ ಶುರುವಾದರೂ ಸವಾರಿಯ ನಡುವೆಯೇ ಗೇರ್ ಬದಲಿಸುವ ಡಿರೇಲರ್‌ಗೆ ಅಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಸಂಘಟಕ ಆಂರಿ ದೆಗ್ರಾಂಜ್‌ಗೆ ಅದು ಸವಾರನ ಪೌರುಷಕ್ಕೆ ಒಪ್ಪದ ವಸ್ತುವಾಗಿ ಕಂಡಿತ್ತು. ಅದಕ್ಕೂ ಎಷ್ಟೋ ವರ್ಷ ಮೊದಲೇ ಅದೇ ದೇಶದ ಸೇಂಟ್ ಎಟಿಯೆನ್ ಎಂಬ ಗುಡ್ಡದ ಊರಿನಲ್ಲಿ ಪಾಲ್ ದ ವಿವೀ, ವೆಲೋಸಿಯೊ ಎಂಬ ಹೆಸರಿನಲ್ಲಿ ಬರೆಯುತ್ತ, ಸಾಮಾನ್ಯ ಸವಾರರಿಗೆ ಗೇರ್‌ಗಳ ಪ್ರಯೋಜನ ತೋರಿಸಿಕೊಟ್ಟಿದ್ದರು. ಚಡಾವಿನ ಊರಿನವರಿಗೆ ಬೇಗ ಹೊಳೆದದ್ದು ಸ್ಪರ್ಧೆಯವರಿಗೆ ತಡವಾಗಿ ಹೊಳೆಯಿತು.

ನಮ್ಮಲ್ಲಿ ಅದು ಇನ್ನೂ ತಡ. ಮಲ್ಪೆಯಿಂದ ಮೀನಿನ ಬುಟ್ಟಿ ಕಟ್ಟಿಕೊಂಡು ಒಳನಾಡಿನ ಮನೆಮನೆಗೆ ಬರುತ್ತಿದ್ದವರು, ಅಂಚೆಯವರು, ಊರಿನ ಮೇಷ್ಟ್ರು, ಎಲ್ಲರದ್ದೂ ಅಟ್ಲಾಸ್, ಹೀರೋ, ರ‍್ಯಾಲಿ ಎಂಬ ಕಪ್ಪು ಸೈಕಲ್ಲು. ಗೇರ್ ಒಂದೇ, ಮುಂದಿನ ಹಲ್ಲು ಹಿಂದಿನದರ ಎರಡೂವರೆ ಪಟ್ಟು ಆಸುಪಾಸು. ಒಂದು ಸುತ್ತಿಗೆ ಐದು ಮೀಟರ್ ದಾಟುವ ಆ ಗಾಡಿಯನ್ನು ಸಮತಟ್ಟು ರಸ್ತೆಯಲ್ಲಿ ದಿನವಿಡೀ ಓಡಿಸಬಹುದಿತ್ತು, ಚಡಾವಿನಲ್ಲಿ ಇಳಿದು ದೂಡಬೇಕಿತ್ತು. ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್‌ಗಳೂ ಒಂಟಿ ಗೇರಿನವೇ. ಬಯಲುಸೀಮೆಯಲ್ಲಿ ಅದು ಎಷ್ಟೋ ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ ಮುಟ್ಟಿಸಿತು. ಕರಾವಳಿ, ಮಲೆನಾಡಿನ ಮಕ್ಕಳು ಅದೇ ಸೈಕಲ್ಲನ್ನು ಅರ್ಧ ದಾರಿ ದೂಡಿದರು. ಗುಡ್ಡದ ತಾಲ್ಲೂಕುಗಳಿಗೆ ಮೂರು ಗೇರಿನದ್ದಾದರೂ ಕೊಡಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಇನ್ನು ರಸ್ತೆಯ ಮಾತು. ಪುಸ್ತಕದ ಲೆಕ್ಕವನ್ನು ನಮ್ಮ ರಸ್ತೆ ಒಂದಿಷ್ಟು ಬದಲಾಯಿಸುತ್ತದೆ. ಬೆಂಗಳೂರಿನ ಸವಾರರು ಕೊಡುವ ಸಲಹೆಯೆಲ್ಲ ಎತ್ತರದ ಬಯಲಿನಲ್ಲಿ ಬೆಳಗ್ಗೆ ಸಮತಟ್ಟು ಹೆದ್ದಾರಿ ಹಿಡಿದು, ಕೊನೆಗೆ ನಂದಿಯಂಥ ಉದ್ದನೆಯ ಒಂದೇ ಚಡಾವು ಹತ್ತಿದ ಅನುಭವದಿಂದ ಬಂದದ್ದು. ಅಂಥ ಚಡಾವಿಗೆ ಒಂದು ಲಯ ಸಿಗುತ್ತದೆ. ಗೇರ್ ಹೊಂದಿಸಿಕೊಂಡರೆ ಅರ್ಧ ಗಂಟೆ ಹಾಗೇ ತುಳಿಯಬಹುದು. ಇಲ್ಲಿ ಅಂಬಾಗಿಲಿನಿಂದ ಪೆರಂಪಳ್ಳಿಯ ಮೇಲೆ ಮಣಿಪಾಲಕ್ಕೆ ಬನ್ನಿ, ಅಥವಾ ಅಲೆವೂರಿನ ಕಡೆಯಿಂದ ಹತ್ತಿ ನೋಡಿ. ಇಳಿಜಾರಿನಲ್ಲಿ ಗಳಿಸಿದ ವೇಗ ಮುಂದಿನ ಏರಿಗೆ ಒದಗಬೇಕು, ಒದಗುವುದಿಲ್ಲ. ಕೆಳಗೆ ಒಂದು ತಿರುವು, ಒಂದು ಇಕ್ಕಟ್ಟಿನ ಸೇತುವೆ, ಬಸ್ಸಿಗೆ ಕಾಯುವ ಜನ, ಇಲ್ಲವೇ ರಸ್ತೆ ಉಬ್ಬು. ಬ್ರೇಕ್ ಹಿಡಿದು, ಎಲ್ಲ ವೇಗ ಕಳೆದುಕೊಂಡು, ಬಹುತೇಕ ನಿಂತಲ್ಲಿಂದಲೇ ಶೇ. 8 ಅಥವಾ ಹತ್ತರ ಏರು ಶುರು. ಹೀಗೆ ಒಂದು ಬೆಳಗ್ಗೆ ಮತ್ತೆ ಮತ್ತೆ. ಹಗುರ ಗೇರ್ ಬೇಕಾಗುವುದು ಘಟ್ಟಕ್ಕಿಂತ ಹೆಚ್ಚಾಗಿ ಈ ಬೈಲಿನ ತಳದಲ್ಲಿ.

ಇಲ್ಲಿ ಚೈನ್ ಕಳಚುವುದೂ ಸಾಮಾನ್ಯ. ಏರು ಶುರುವಾದ ಮೇಲೆ, ಪೂರ್ತಿ ಬಲ ಹಾಕಿ ತುಳಿಯುತ್ತಲೇ ಮುಂದಿನ ಗೇರ್ ಇಳಿಸಲು ಹೋದರೆ ಚೈನ್ ಒಳಕ್ಕೆ ಬೀಳುತ್ತದೆ. ಇಳಿಜಾರು ಮುಗಿಯುವ ಮೊದಲೇ ಇಳಿಸಿಕೊಳ್ಳಬೇಕು. ಮುಂದೆ ಒಂದೇ ಚಕ್ರ, ಹಿಂದೆ 40 ದಾಟಿದ ಹಲ್ಲು ಇರುವ ಹೊಸ ಹೈಬ್ರಿಡ್‌ಗಳಲ್ಲಿ ಈ ತಾಪತ್ರಯವಿಲ್ಲ. ಕೈ ಒಂದೇ, ಗುಂಡಿ ಒಂದೇ. ಹೊಸಬರಿಗೆ ಇದು ಒಳ್ಳೆಯದು. ಆದರೆ ಮುಂದಿನ ಆ ಒಂದು ಚಕ್ರ ಹಿಂದಿನ ದೊಡ್ಡದಕ್ಕಿಂತ ಚಿಕ್ಕದಾಗಿರಬೇಕು.

ಟೈರಿನ ವಿಷಯದಲ್ಲಿ ನನಗೆ ಸಂಶಯವೇ ಇಲ್ಲ. ನಮ್ಮ ಒಳರಸ್ತೆಗಳ ಡಾಂಬರಿನ ಅಂಚನ್ನು ಪ್ರತಿ ಮಳೆಗಾಲ ಕೊರೆಯುತ್ತದೆ. ಕೆಂಪು ಮಣ್ಣು ಕೊಚ್ಚಿಹೋಗಿ ಡಾಂಬರು ಒಂದು ಗೇಣು ಎತ್ತರ ನಿಂತಿರುತ್ತದೆ. ಹಿಂದಿನಿಂದ ಎಕ್ಸ್‌ಪ್ರೆಸ್ ಬಸ್ಸು ಹಾರ್ನ್ ಹಾಕಿದಾಗ ಸೈಕಲ್ಲಿನವನು ಕೆಳಗಿಳಿಯಲೇಬೇಕು, ಇಳಿದವನು ಮತ್ತೆ ಮೇಲೆ ಹತ್ತಲೂಬೇಕು. 23 ಅಥವಾ 25 ಮಿ.ಮೀ. ಟೈರಿನಲ್ಲಿ ಆ ಅಂಚು ಹತ್ತಲು ಹೋದರೆ ಜಾರಿ ಬೀಳುವ ಅಪಾಯ. ಹೊಂಡಕ್ಕೆ ಬಿದ್ದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಹಾವು ಕಚ್ಚಿದ ಹಾಗೆ ಜೋಡಿ ತೂತು. 32ರಿಂದ 38 ಮಿ.ಮೀ. ಟೈರು ಇದನ್ನೆಲ್ಲ ತಡೆದುಕೊಳ್ಳುತ್ತದೆ. ಅಗಲ ಟೈರು ನಿಧಾನ ಎಂಬ ಹಳೆಯ ಮಾತನ್ನು ಈಗ ವೃತ್ತಿಪರ ಸ್ಪರ್ಧಿಗಳೇ ಬಿಟ್ಟಿದ್ದಾರೆ, 23ರಿಂದ 28, 30ಕ್ಕೆ ಬಂದಿದ್ದಾರೆ. ರೋಡ್ ಬೈಕನ್ನೇ ಕೊಳ್ಳುವವರು ಅದರ ಫ್ರೇಮಿನೊಳಗೆ 32 ಹಿಡಿಸುತ್ತದೆಯೇ ಎಂದು ಕೇಳಿಕೊಳ್ಳಬೇಕು. ಇನ್ನೊಂದು ತುದಿಯಲ್ಲಿ, ಗುಡ್ಡಕ್ಕೆಂದೇ ಮಾಡಿದ್ದು ಎಂಬ ಹೆಸರು ನೋಡಿ ಮೌಂಟನ್ ಬೈಕ್ ಕೊಳ್ಳುವವರಿದ್ದಾರೆ. ಡಾಂಬರು ರಸ್ತೆಗೆ ಅದರ ಮುಳ್ಳುಟೈರು ಬರೀ ಎಳೆತ. ಅಗ್ಗದ ಸಸ್ಪೆನ್ಷನ್ ಫೋರ್ಕ್ ಎದ್ದುನಿಂತು ತುಳಿದಾಗಲೆಲ್ಲ ಕುಗ್ಗಿ ಶ್ರಮವನ್ನು ತಿನ್ನುತ್ತದೆ, ಎರಡು ಮಳೆಗಾಲಕ್ಕೆ ತುಕ್ಕು ಹಿಡಿದು ಕೂರುತ್ತದೆ. ಹೈಬ್ರಿಡ್‌ನಲ್ಲೂ ಸಸ್ಪೆನ್ಷನ್ ಇಲ್ಲದ್ದನ್ನೇ ಆರಿಸಿ.

ಬ್ರೇಕಿಗೆ ಬಂದರೆ, ಏರಿದ್ದನ್ನೆಲ್ಲ ಇಳಿಯಬೇಕು. ಸೋಮೇಶ್ವರದಿಂದ ಆಗುಂಬೆಗೆ ಹತ್ತು ಕಿಲೋಮೀಟರ್ ಆಸುಪಾಸು, ಅದರಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು. ಘಾಟಿಯ ಮೇಲೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಊರು. ಮಳೆಗಾಲದಲ್ಲಿ ಘನ ವಾಹನಗಳನ್ನೇ ಈ ದಾರಿಯಲ್ಲಿ ನಿರ್ಬಂಧಿಸುವುದುಂಟು. ರಸ್ತೆ ಒದ್ದೆ, ಮಂಜು ಮುಸುಕಿ ಮುಂದಿನ ತಿರುವು ಕಾಣುವುದಿಲ್ಲ, ಕಟ್ಟೆಯ ಮೇಲೆ ಮಂಗಗಳ ಹಿಂಡು. ರಿಮ್ಮನ್ನು ಹಿಡಿಯುವ ಹಳೆಯ ಬ್ರೇಕು ಒದ್ದೆಯಾದಾಗ ಮೊದಲ ಕೆಲವು ಸುತ್ತು ಹಿಡಿಯುವುದೇ ಇಲ್ಲ. ಕೆಂಪು ಮಣ್ಣಿನ ಕೆಸರು ಸೇರಿದರೆ ರಿಮ್ಮನ್ನೇ ಉಜ್ಜಿ ಸವೆಸುತ್ತದೆ. ಡಿಸ್ಕ್ ಬ್ರೇಕ್‌ಗೆ ಕೊಡುವ ಹೆಚ್ಚಿನ ದುಡ್ಡು ನಮ್ಮ ಜಿಲ್ಲೆಯಲ್ಲಿ ವ್ಯರ್ಥವಲ್ಲ. ತಂತಿಯದ್ದಾದರೂ ಸರಿ, ಎಣ್ಣೆಯದ್ದಾದರೆ ಇನ್ನೂ ಒಳ್ಳೆಯದು. ಇಳಿಯುವಾಗ ಬೆರಳು ಸೋಲುವುದಿಲ್ಲ. ಮಳೆಗಾಲದಲ್ಲಿ ಓಡಿಸುವವರಿಗೆ ಮಡ್‌ಗಾರ್ಡ್ ಬೇಕು. ಅದನ್ನು ಕೂರಿಸುವ ತೂತು ಹೈಬ್ರಿಡ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ರೋಡ್ ಬೈಕ್‌ಗಳಲ್ಲಿ ಹಲವಕ್ಕೆ ಇರುವುದಿಲ್ಲ.

ಇಷ್ಟೆಲ್ಲ ಹೈಬ್ರಿಡ್ ಪರ ಹೇಳಿದ ಮೇಲೆ ರೋಡ್ ಬೈಕಿನ ನ್ಯಾಯವನ್ನೂ ಹೇಳಬೇಕು, ಅದು ದೊಡ್ಡದೇ. ಕಾಪುವಿನ ದೀಪಸ್ತಂಭದ ಕಡೆ ಹೋಗಿ ಬನ್ನಿ. 1901ರಲ್ಲಿ ಕಟ್ಟಿದ ಆ ದೀಪಸ್ತಂಭ ಉಡುಪಿಯಿಂದ ಹದಿಮೂರು ಕಿಲೋಮೀಟರ್ ದಕ್ಷಿಣಕ್ಕೆ, ಸಮುದ್ರಕ್ಕೆ ಚಾಚಿದ ಬಂಡೆಯ ಮೇಲಿದೆ. ರಾಷ್ಟ್ರೀಯ ಹೆದ್ದಾರಿ 66 ಚಪ್ಪಟೆ, ನಾಲ್ಕು ಪಥ. ಬೇಸಿಗೆಯ ಮಧ್ಯಾಹ್ನದ ನಂತರ ಕಡಲ ಗಾಳಿ ವಾಯವ್ಯದಿಂದ ಬೀಸತೊಡಗಿದರೆ ಕಾಪುವಿನಿಂದ ಉಡುಪಿಗೆ ಮರಳುವವನ ಎದೆಗೇ ಬಡಿಯುತ್ತದೆ. ಚಡಾವಿನಲ್ಲಿ ಏಳೆಂಟು ಕಿ.ಮೀ. ವೇಗಕ್ಕೆ ಗಾಳಿಯ ಲೆಕ್ಕವೇ ಇಲ್ಲ. ಸಮತಟ್ಟಿನಲ್ಲಿ ಇಪ್ಪತ್ತೈದು ದಾಟಿದರೆ ಶ್ರಮದ ಹೆಚ್ಚಿನ ಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಬಾಗಿದ ಹ್ಯಾಂಡಲಿನ ಕೆಳತುದಿ ಹಿಡಿದು ಮೈ ತಗ್ಗಿಸಿದವನು ನೆಟ್ಟಗೆ ಕೂತವನಿಗಿಂತ ಆ ಶ್ರಮದಲ್ಲಿ ಸುಮಾರು ಕಾಲು ಪಾಲು ಉಳಿಸಬಲ್ಲ. ಮೂರು ಕಿಲೋ ತೂಕ ಇಳಿಸಿದ್ದಕ್ಕಿಂತ ಬಹಳ ದೊಡ್ಡ ಲಾಭ ಇದು. ರೋಡ್ ಬೈಕ್ ಹಗುರವೆಂದು ಗುಡ್ಡಕ್ಕೆ ಕೊಳ್ಳುತ್ತಾರೆ. ಅದರ ನಿಜವಾದ ಬಲ ಇರುವುದು ಗಾಳಿಯೆದುರು.

ಎರಡನೆಯ ಲಾಭ ಕೈಗೆ. ನೇರ ಹ್ಯಾಂಡಲಿನಲ್ಲಿ ಅಂಗೈ ಇಡಲು ಒಂದೇ ಜಾಗ. ಐವತ್ತು ಕಿಲೋಮೀಟರ್ ದಾಟಿದ ಮೇಲೆ ಕಿರುಬೆರಳಿನಿಂದ ಜೋಮು ಶುರುವಾಗುತ್ತದೆ. ಬಾಗಿದ ಹ್ಯಾಂಡಲಿನಲ್ಲಿ ಮೂರು ಜಾಗ: ಮೇಲಿನ ಅಡ್ಡಪಟ್ಟಿ, ಬ್ರೇಕಿನ ಮುಂಡು, ಕೆಳಗಿನ ಬಾಗು. ಕೈ, ಬೆನ್ನು, ಕತ್ತು ಎಲ್ಲಕ್ಕೂ ಆಗಾಗ ಬದಲಾವಣೆ. ದೂರದ ಸವಾರಿಗೆ ಇದು ಅತ್ಯಗತ್ಯ. ಬ್ರೆವೆ ಎಂಬ ದೂರಸವಾರಿಗಳಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 600ಕ್ಕೆ 40 ಗಂಟೆ ಮಿತಿ. ಅಂಥದ್ದಕ್ಕೆ ಆಸೆಪಡುವವರು ಒಂದಲ್ಲ ಒಂದು ದಿನ ಬಾಗಿದ ಹ್ಯಾಂಡಲಿಗೇ ಬರುತ್ತಾರೆ. ಕಾರ್ಕಳ, ಬಜಗೋಳಿ ದಾಟಿ ಮಾಳದ ಘಾಟಿ ಹತ್ತಿ ಕುದುರೆಮುಖದ ಕಡೆ ಹೋಗುವವರಿಗೂ ನನ್ನ ಸಲಹೆ ಅದೇ, ಹಿಂದೆ 34 ಹಲ್ಲು ಇರಬೇಕೆಂಬ ಒಂದು ಷರತ್ತಿನ ಮೇಲೆ.

ಖರ್ಚಿನಲ್ಲೂ ವ್ಯತ್ಯಾಸವಿದೆ. ಬ್ರೇಕ್ ಮತ್ತು ಗೇರ್ ಎರಡನ್ನೂ ಒಂದೇ ಹಿಡಿಯಲ್ಲಿ ಕೂರಿಸುವ ಸಾಧನವನ್ನು ಶಿಮಾನೊ 1990ರಲ್ಲಿ ತಂದಿತು. ಇವತ್ತಿಗೂ ರೋಡ್ ಬೈಕಿನಲ್ಲಿ ದುಬಾರಿ ಭಾಗಗಳಲ್ಲಿ ಅದೂ ಒಂದು. ಹೈಬ್ರಿಡ್‌ನ ಗೇರ್ ಗುಂಡಿ ಅಗ್ಗ. ಆದ್ದರಿಂದ ಒಂದೇ ಬೆಲೆಗೆ ಹೈಬ್ರಿಡ್‌ನಲ್ಲಿ ಒಳ್ಳೆಯ ಬ್ರೇಕು, ಒಳ್ಳೆಯ ಚಕ್ರ ಸಿಗುತ್ತದೆ. ಏಳೆಂಟು ಹಲ್ಲುಚಕ್ರದ ಫ್ರೀವೀಲ್, ಅದರ ಚೈನ್ ಊರಿನ ಅಂಗಡಿಯಲ್ಲೇ ದೊರೆಯುತ್ತವೆ. ಹನ್ನೊಂದು, ಹನ್ನೆರಡರದ್ದು ಬೇಕಾದರೆ ತರಿಸಿಕೊಳ್ಳಬೇಕಾದೀತು. ಕಡಲ ಬದಿಯವರು ಇನ್ನೊಂದು ನೆನಪಿಡಬೇಕು: ಮಟ್ಟು, ಪಡುಕೆರೆ ಕಡೆ ಸುತ್ತಿ ಬಂದ ಸೈಕಲ್ಲನ್ನು ಅದೇ ದಿನ ಸಿಹಿನೀರಲ್ಲಿ ಒರೆಸಿ ಚೈನಿಗೆ ಎಣ್ಣೆ ಬಿಡದಿದ್ದರೆ ಉಪ್ಪುಗಾಳಿ ಅದನ್ನು ಬೇಗ ತಿಂದುಹಾಕುತ್ತದೆ. ಕೋರ್ಸ್ ಮುಗಿಸಿ ಹೊರಡುವ ವಿದ್ಯಾರ್ಥಿಗಳಿಂದ ಹಳೆಯ ಸೈಕಲ್ ಕೊಳ್ಳುವವರು ಮೊದಲು ನೋಡಬೇಕಾದದ್ದು ಬಣ್ಣವನ್ನಲ್ಲ. ಸ್ಪೋಕಿನ ಬುಡ, ಚೈನು, ಕೇಬಲ್ಲು ನೋಡಿ.

ಹಾಗಾದರೆ ತೀರ್ಮಾನ? ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ನಡುವೆ ಓಡಿಸಲು ಮೊದಲ ಸೈಕಲ್ ಕೊಳ್ಳುವವರು ಹೈಬ್ರಿಡ್ ಕೊಳ್ಳಲಿ. ಸಸ್ಪೆನ್ಷನ್ ಇಲ್ಲದ್ದು, ಡಿಸ್ಕ್ ಬ್ರೇಕಿನದ್ದು, 35ರ ಆಸುಪಾಸಿನ ಟೈರಿನದ್ದು, ಮುಂದಿನ ಅತಿ ಚಿಕ್ಕ ಚಕ್ರದ ಹಲ್ಲು ಹಿಂದಿನ ಅತಿ ದೊಡ್ಡದಕ್ಕಿಂತ ಕಡಿಮೆ ಇರುವಂಥದ್ದು. ಕೈ ಜೋಮಾದರೆ ಹ್ಯಾಂಡಲಿನ ತುದಿಗೆ ಕೊಂಬು ಹಾಕಿಸಿಕೊಳ್ಳಬಹುದು, ಹೆಚ್ಚು ಖರ್ಚಿಲ್ಲ. ಒಂದು ವರ್ಷ ಅದರಲ್ಲಿ ಓಡಿಸಿ. ಮಣಿಪಾಲದಿಂದ ಹಿರಿಯಡ್ಕ, ಬೈಲೂರು, ಕಾರ್ಕಳ; ಅಲ್ಲಿಂದ ನಿಟ್ಟೆ, ಬೆಳ್ಮಣ್, ಶಿರ್ವ, ಕಟಪಾಡಿಯ ಮೇಲೆ ಮನೆಗೆ. ಸುಮಾರು ಎಂಬತ್ತು ಕಿಲೋಮೀಟರಿನ ಈ ಸುತ್ತಿನಲ್ಲಿ ಜಿಲ್ಲೆಯ ಎಲ್ಲ ಬಗೆಯ ರಸ್ತೆಯೂ ಇದೆ. ಕಾರ್ಕಳದ 1432ರ ಗೊಮ್ಮಟ, ಎದುರು ಗುಡ್ಡದ 1586ರ ಚತುರ್ಮುಖ ಬಸದಿ ದಾರಿಯಲ್ಲೇ ಸಿಗುತ್ತವೆ. ಅದನ್ನು ಮುಗಿಸಿದ ಮೇಲೂ ಇನ್ನೂ ದೂರ ಹೋಗಬೇಕೆನಿಸಿದರೆ, ಗಾಳಿಯೇ ತೊಡಕು ಎಂದು ತೋರಿದರೆ, ಆಗ ರೋಡ್ ಬೈಕ್ ಕೊಳ್ಳುವ ಹೊತ್ತು ಬಂದಿದೆ. ಮೊದಲೇ ಆಗುಂಬೆ, ಬ್ರೆವೆ ಎಂದು ಮನಸ್ಸು ಗಟ್ಟಿಮಾಡಿಕೊಂಡವರು ಕಾಯಬೇಕಾಗಿಲ್ಲ.

ಕೊಳ್ಳುವ ಮೊದಲು ಸೈಕಲ್ಲನ್ನು ಅಂಗಡಿಯ ಎದುರಿನ ಸಮತಟ್ಟು ರಸ್ತೆಯಲ್ಲಿ ಎರಡು ಸುತ್ತು ಹೊಡೆದು ಒಪ್ಪಬೇಡಿ. ಪರ್ಕಳದ ಚಡಾವಿಗೆ ಒಯ್ದು, ನಡುವೆ ಒಮ್ಮೆ ನಿಲ್ಲಿಸಿ, ನಿಂತಲ್ಲಿಂದಲೇ ಮತ್ತೆ ಹೊರಡಲು ಆಗುತ್ತದೆಯೇ ನೋಡಿ. ನಮ್ಮೂರ ಸೈಕಲ್ ಅಂಗಡಿಯವರಲ್ಲಿ ಒಂದು ವಿನಂತಿ: ಬೆಲೆಚೀಟಿಯ ಮೇಲೆ 21 ಗೇರ್ ಎಂದು ಬರೆಯುವ ಜಾಗದಲ್ಲಿ ಮುಂದಿನ ಅತಿ ಚಿಕ್ಕ ಚಕ್ರದ ಹಲ್ಲು ಎಷ್ಟು, ಹಿಂದಿನ ಅತಿ ದೊಡ್ಡದರ ಹಲ್ಲು ಎಷ್ಟು ಎಂದು ಎರಡು ಸಂಖ್ಯೆ ಬರೆದಿಡಿ.